ಬೇಸಿಗೆ ಮಿಷನ್ ತಂಡಗಳು: ಬರಮಾಡಿಕೊಳ್ಳುವವರ ಮಾತು ಮೊದಲು ಕೇಳಿ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಬಂತೆಂದರೆ ಕ್ರೈಸ್ತ ಕಾಲೇಜುಗಳ ವಿದ್ಯಾರ್ಥಿಗಳು ಎರಡು ವಾರಕ್ಕೋ ಎರಡು ತಿಂಗಳಿಗೋ ಮಿಷನ್ ಸೇವೆಗೆಂದು ಹೊರದೇಶಕ್ಕೆ ಹೊರಡುತ್ತಾರೆ. ಅವರ ಉತ್ಸಾಹಕ್ಕೆ ನಮ್ಮ ಪೂರ್ಣ ಬೆಂಬಲವಿದೆ. ಆದರೆ ಎಲ್ಲಿಗೆ, ಎಷ್ಟು ದಿನ, ಯಾವ ಕೆಲಸ ಎಂಬುದನ್ನೆಲ್ಲ ಕಾಲೇಜಿನಲ್ಲೇ ಗೊತ್ತುಮಾಡಿಕೊಂಡು, ಕೊನೆಗೆ ಅಲ್ಲಿನ ಸಭೆಗೆ (ಚರ್ಚಿಗೆ) ‘ಬರುತ್ತಿದ್ದೇವೆ’ ಎಂದು ತಿಳಿಸುವ ಪದ್ಧತಿ ನಿಲ್ಲಬೇಕು. ತಂಡಗಳು ಎಡವುವುದು ಹೆಚ್ಚಾಗಿ ಇಲ್ಲೇ.

ವಿದ್ಯಾರ್ಥಿಗಳಿಗೆ ಈ ದಾರಿ ಹೊಸದಲ್ಲ. 1806ರಲ್ಲಿ ಮ್ಯಾಸಚೂಸೆಟ್ಸ್‌ನ ವಿಲಿಯಮ್ಸ್ ಕಾಲೇಜಿನ ಐವರು ಗುಡುಗು ಮಳೆಗೆ ಹುಲ್ಲಿನ ಮೆದೆಯ ಮರೆ ಸೇರಿ ಹೊರದೇಶದ ಮಿಷನ್ ಸೇವೆಗಾಗಿ ಪ್ರಾರ್ಥಿಸಿದರು. ಆ ಪ್ರೇರಣೆ 1810ರಲ್ಲಿ ಅಮೆರಿಕನ್ ಬೋರ್ಡ್ ಎಂಬ ಮಿಷನ್ ಸಂಸ್ಥೆಯಾಗಿ ಬೆಳೆಯಿತು. ಅದು 1812ರಲ್ಲಿ ಕಳಿಸಿದ ಅಡೊನಿರಾಮ್ ಜಡ್ಸನ್ ಕಲ್ಕತ್ತೆಯಲ್ಲಿ ಇಳಿದಾಗ ಈಸ್ಟ್ ಇಂಡಿಯಾ ಕಂಪನಿ ನಿಲ್ಲಗೊಡಲಿಲ್ಲ. 1813ರಲ್ಲಿ ಬರ್ಮಾ ಸೇರಿದ ಅವರು ಭಾಷೆ ಕಲಿತು, ಮೊದಲ ಬರ್ಮೀಯನಿಗೆ ದೀಕ್ಷಾಸ್ನಾನ ಕೊಟ್ಟಾಗ 1819. ಹದಿನಾಲ್ಕು ದಿನದಲ್ಲಿ ಇಷ್ಟು ಜನ ವಿಶ್ವಾಸಕ್ಕೆ ಬಂದರು ಎಂದು ಕಾಣಿಕೆ ಕೊಟ್ಟವರಿಗೆ ವರದಿ ಬರೆಯುವ ತಂಡದ ನಾಯಕರು ಆ ಆರು ವರ್ಷಗಳನ್ನು ಮರೆಯಬಾರದು.

ಪರವಾನಗಿಯ ತೊಡಕು ಇಂದಿಗೂ ಇದೆ. ಭಾರತದಲ್ಲಿ ಮಿಷನರಿ ವೀಸಾ ಬೇರೆಯೇ ವರ್ಗ. ಪ್ರವಾಸಿ ವೀಸಾದಲ್ಲಿ ಬಂದು ಧರ್ಮಪ್ರಚಾರ ಮಾಡುವಂತಿಲ್ಲ. ನೇಪಾಳದ 2015ರ ಸಂವಿಧಾನ ಮತಾಂತರ ಮಾಡಿಸುವುದನ್ನು ನಿಷೇಧಿಸಿದೆ. 2018ರಲ್ಲಿ ಜಾರಿಯಾದ ಅಲ್ಲಿನ ದಂಡಸಂಹಿತೆಯಲ್ಲಿ ಇದಕ್ಕೆ ಐದು ವರ್ಷದವರೆಗೆ ಜೈಲು, 50,000 ನೇಪಾಳಿ ರೂಪಾಯಿವರೆಗೆ ದಂಡ. ತಪ್ಪಿತಸ್ಥ ವಿದೇಶಿಯಾದರೆ ಶಿಕ್ಷೆ ಮುಗಿದ ಮೇಲೆ ಗಡೀಪಾರು. ವಿದ್ಯಾರ್ಥಿ ಹೇಗೋ ವಿಮಾನ ಹತ್ತಿ ಮನೆಗೆ ಬಂದುಬಿಡಬಹುದು. ಪೊಲೀಸರ ಮುಂದೆ ನಿಲ್ಲುವವರು ಅವನನ್ನು ಕರೆಸಿಕೊಂಡ ಸಭಾಪಾಲಕರು. ‘ಪ್ರವಾಸ ಎಂದು ಬರೆದರಾಯಿತು’ ಎನ್ನುವ ಸಲಹೆ ಯಾರೇ ಕೊಡಲಿ, ಒಪ್ಪಬೇಡಿ.

ಆದ್ದರಿಂದ ಕನಿಷ್ಠ ಆರು ತಿಂಗಳು ಮುಂಚೆ ಅಲ್ಲಿನ ಸಭೆಯಿಂದ ಒಂದು ಪತ್ರ ತರಿಸಿಕೊಳ್ಳಬೇಕು. ಬೇಕಾದ ಕೆಲಸ ಯಾವುದು, ಎಷ್ಟು ಜನರಿಗೆ ಊಟ-ವಸತಿ ಒದಗಿಸಲು ಸಾಧ್ಯ, ಯಾವ ವಾರ ಬರಲೇಬಾರದು, ಯಾವ ವೀಸಾ ಬೇಕು, ತಂಡಕ್ಕೆ ಅಲ್ಲಿ ಯಾರು ಮೇಲ್ವಿಚಾರಕರು ಎಂಬುದನ್ನು ಅವರೇ ಬರೆಯಲಿ. ಬಿತ್ತನೆಯ ಹೊತ್ತಿಗೆ ಇಪ್ಪತ್ತು ಜನ ಹೋಗಿ ಇಳಿದರೆ ಊರಿನವರು ಹೊಲ ಬಿಟ್ಟು ಅಡುಗೆಗೆ ನಿಲ್ಲಬೇಕಾಗುತ್ತದೆ. ಆರು ಜನ ಸಾಕು ಎಂದರೆ ಆರೇ ಜನ ಹೋಗಬೇಕು.

ಕಟ್ಟಡದ ಕೆಲಸವನ್ನೇ ನೋಡಿ. ‘ಯಾರು ಬೇಕಾದರೂ ಇಟ್ಟಿಗೆ ಇಡಬಹುದು’ ಎಂದುಕೊಂಡು ಹೆಚ್ಚಿನ ತಂಡಗಳು ಇದನ್ನೇ ಆರಿಸಿಕೊಳ್ಳುತ್ತವೆ. ಇಟ್ಟಿಗೆಯನ್ನು ನೆನೆಸದೆ ಇಟ್ಟರೆ ಅದು ಗಾರೆಯ ನೀರನ್ನು ಹೀರಿಬಿಡುತ್ತದೆ, ಹಿಡಿತ ಬರುವುದಿಲ್ಲ. ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳಿನ ಗಾರೆಯನ್ನು ಬೆಳಿಗ್ಗೆಯೇ ರಾಶಿ ಕಲಸಿಟ್ಟುಕೊಂಡು, ಗಟ್ಟಿಯಾದಂತೆಲ್ಲ ನೀರು ಹಾಕಿ ಮತ್ತೆ ಬಳಸುವುದು ಇನ್ನೊಂದು ತಪ್ಪು. ತೂಗುಗುಂಡು ಬಿಟ್ಟು ನೋಡದೆ, ಒಂದೇ ದಿನದಲ್ಲಿ ಒಂದೂವರೆ ಮೀಟರ್‌ಗಿಂತ ಎತ್ತರಕ್ಕೆ ಎಬ್ಬಿಸಿದರೆ ಹಸಿ ಗಾರೆ ಭಾರಕ್ಕೆ ಕುಸಿದು ಗೋಡೆ ವಾಲುತ್ತದೆ. ಎಲ್ಲವನ್ನೂ ಸರಿಯಾಗಿ ಮಾಡಿದರೂ ಕಟ್ಟಿದ ಮೇಲೆ ಕನಿಷ್ಠ ಏಳು ದಿನ ನೀರು ಹೊಡೆಯಬೇಕು. ತಂಡ ಐದನೇ ದಿನ ಹೊರಟುಹೋದರೆ ಆ ನೀರು ಹೊಡೆಯುವವರು ಯಾರು? ಕೊನೆಗೆ ಅದೇ ಊರಿನ ಮೇಸ್ತ್ರಿ ಕೆಡವಿ ಕಟ್ಟಬೇಕು. ಮೊದಲೇ ಅವರಿಗೆ ಕೂಲಿ ಕೊಟ್ಟು, ವಿದ್ಯಾರ್ಥಿಗಳು ಇಟ್ಟಿಗೆ, ನೀರು ಹೊತ್ತುಕೊಟ್ಟಿದ್ದರೆ ಗೋಡೆ ಗಟ್ಟಿಯಾಗಿ ನಿಲ್ಲುತ್ತಿತ್ತು.

ಆರೋಗ್ಯದ ತಯಾರಿಯಲ್ಲೂ ದಿನಗಳ ಲೆಕ್ಕ ಮುಖ್ಯ. ಪರೀಕ್ಷೆ ಮುಗಿಯಲಿ ಎಂದು ಕಾಯದೆ, ಹೊರಡುವುದಕ್ಕೆ ನಾಲ್ಕರಿಂದ ಆರು ವಾರ ಮುಂಚೆಯೇ ವೈದ್ಯರನ್ನು ಕಾಣಬೇಕು. ಟೈಫಾಯ್ಡ್ ಚುಚ್ಚುಮದ್ದು ಎರಡು ವಾರ ಮೊದಲೇ ಆಗಿರಬೇಕು. ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಲಸಿಕೆ ಹಾಕಿಸಿದ ಹತ್ತು ದಿನದ ನಂತರವೇ ಊರ್ಜಿತ. ಒಂಬತ್ತನೇ ದಿನ ಹೋದವರನ್ನು ಗಡಿಯಲ್ಲೇ ತಡೆಯಬಹುದು. ಮಲೇರಿಯಾ ತಡೆ ಮಾತ್ರೆಯನ್ನು ಮನೆಗೆ ಬಂದ ದಿನವೇ ಬಿಟ್ಟುಬಿಡುವುದು ಅಪಾಯಕರ. ಡಾಕ್ಸಿಸೈಕ್ಲಿನ್ ಆದರೆ ಮಲೇರಿಯಾ ಪ್ರದೇಶ ಬಿಟ್ಟ ಮೇಲೂ ನಾಲ್ಕು ವಾರ, ಅಟೊವಾಕೋನ್-ಪ್ರೊಗುವಾನಿಲ್ ಆದರೆ ಏಳು ದಿನ ಮುಂದುವರಿಸಬೇಕು. ತಿಂಗಳ ನಂತರ ಜ್ವರ ಬಂದರೂ ಯಾವ ದೇಶಕ್ಕೆ ಹೋಗಿದ್ದಿರಿ ಎಂದು ವೈದ್ಯರಿಗೆ ತಪ್ಪದೆ ಹೇಳಿ.

ಮಕ್ಕಳಿಗೆ ವಿಬಿಎಸ್ (ರಜಾಕಾಲದ ಬೈಬಲ್ ಶಾಲೆ) ನಡೆಸುವವರು ಒಂದು ಮಾತು ಗಮನಿಸಲಿ. ದುಭಾಷಿ ಜೊತೆಗಿದ್ದರೆ ಇಪ್ಪತ್ತು ನಿಮಿಷದ ಪಾಠಕ್ಕೆ ನಲವತ್ತು ನಿಮಿಷ ಹಿಡಿಯುತ್ತದೆ. ಪಾಠವನ್ನು ಅರ್ಧಕ್ಕೆ ಇಳಿಸಿ, ಹಿಂದಿನ ದಿನವೇ ಬರೆದು ದುಭಾಷಿಯ ಕೈಗೆ ಕೊಡಿ. ಅದಕ್ಕಿಂತಲೂ ಒಳ್ಳೆಯದು, ಸ್ಥಳೀಯ ಶಿಕ್ಷಕಿಯೇ ಪಾಠ ಮಾಡಲಿ, ವಿದ್ಯಾರ್ಥಿಗಳು ಆಟಕ್ಕೂ ಕೈಕೆಲಸಕ್ಕೂ ನೆರವಾಗಲಿ.

ಅನಾಥಾಶ್ರಮಗಳ ವಿಷಯದಲ್ಲಿ ನಾವು ಕಟುವಾಗಿಯೇ ಹೇಳುತ್ತೇವೆ: ಬೇಸಿಗೆ ತಂಡಗಳು ಅಲ್ಲಿಗೆ ಹೋಗುವುದು ಬೇಡ. ಕಾಂಬೋಡಿಯಾ, ನೇಪಾಳಗಳ ಇಂಥ ಮನೆಗಳಲ್ಲಿರುವ ಬಹುಪಾಲು ಮಕ್ಕಳಿಗೆ ತಾಯಿಯೋ ತಂದೆಯೋ ಬದುಕಿದ್ದಾರೆ. ಅತಿಥಿಗಳು ಕೊಡುವ ಹಣವೇ ಮಕ್ಕಳನ್ನು ಮನೆಯಿಂದ ಬಿಡಿಸಿ ತರಲು ಕಾರಣವಾದ ಉದಾಹರಣೆಗಳಿವೆ. ವಾರಕ್ಕೊಬ್ಬ ಅಕ್ಕ ಬಂದು ಎತ್ತಿ ಮುದ್ದಿಸಿ ಹೊರಟುಹೋದರೆ, ಆ ಮಗು ಪ್ರತಿ ಸಲವೂ ಅಗಲಿಕೆಯನ್ನೇ ಉಣ್ಣುತ್ತದೆ.

ಕಾಣಿಕೆಯ ಹಣ ವಿದ್ಯಾರ್ಥಿಯ ಸ್ವಂತ ಖಾತೆಗೆ ಬರದೆ ಕಳಿಸುವ ಸಂಸ್ಥೆಯ ಖಾತೆಗೇ ಬರಲಿ. ವೀಸಾ ಸಿಗದೆ ಪ್ರಯಾಣ ನಿಂತರೆ ಆ ಹಣ ಏನಾಗುತ್ತದೆ ಎಂಬುದನ್ನು ಮನವಿ ಪತ್ರದಲ್ಲೇ ಬರೆದಿಡಬೇಕು.

ತಂಡ ಹಿಂತಿರುಗಿದ ಮೇಲೆ ಅಲ್ಲಿನ ಸಭೆಯ ಅಭಿಪ್ರಾಯ ಕೇಳಿ. ಆದರೆ ತಂಡದ ನಾಯಕರೇ ಕೇಳಿದರೆ ‘ಎಲ್ಲ ಚೆನ್ನಾಗಿತ್ತು’ ಎಂಬ ಉತ್ತರವೇ ಬರುತ್ತದೆ. ಮನೆಗೆ ಬಂದ ಅತಿಥಿಯನ್ನು ಯಾರೂ ಎದುರಿಗೇ ಆಡಿಕೊಳ್ಳುವುದಿಲ್ಲ, ಜೊತೆಗೆ ಹಣದ ಹಂಗೂ ಇರುತ್ತದೆ. ಎರಡು ಮೂರು ತಿಂಗಳು ಬಿಟ್ಟು, ತಂಡಕ್ಕೆ ಸೇರದ, ಅವರ ಭಾಷೆ ಬಲ್ಲ ಒಬ್ಬರ ಮೂಲಕ ವಿಚಾರಿಸಿ: ನೀವು ಕೇಳಿದ ಕೆಲಸ ಆಯಿತೇ, ನಿಮ್ಮ ಕೈಯಿಂದ ಎಷ್ಟು ಖರ್ಚಾಯಿತು, ಮುಂದಿನ ವರ್ಷವೂ ಬರಬೇಕೇ. ‘ಬೇಡ’ ಎಂಬ ಉತ್ತರ ಬಂದರೆ ಮುಂದಿನ ಬೇಸಿಗೆಗೆ ಟಿಕೆಟ್ ಕಾಯ್ದಿರಿಸಬೇಡಿ.

ಇಂತಿ,
ಬೇಸಿಗೆ ಮಿಷನ್ ತಂಡಗಳ ತರಬೇತುದಾರರು