ಹಳೇ ಮ್ಯಾಗ್ನೆಟ್ ಗುಜರಿಗೆ ಹಾಕಬ್ಯಾಡ್ರಿ

ನಮಸ್ಕಾರ್ರಿ, ದಾವಣಗೆರೆ ರಿಪೇರಿ ಗುಂಪಿನೋರೆಲ್ಲ ಸ್ವಲ್ಪ ಗಮನ ಕೊಡ್ರಿ. ಹಳೇ ಸ್ಪೀಕರ್, ಹಾರ್ಡ್ ಡಿಸ್ಕ್ ಬಿಚ್ಚಿದಾಗ ಮ್ಯಾಗ್ನೆಟ್ ತೆಗೆದಿಟ್ಟು ಭಾನುವಾರ ತರ್ರಿ, ಹುಡುಗ್ರಿಗೆ ತೋರಿಸೋಣ. ಹಳೇ ಕಾಲದ ರೇಡಿಯೋ ಸ್ಪೀಕರಲ್ಲಿ ಬೆಳ್ಳಿ ಬಣ್ಣದ್ದು ಸಿಕ್ರೆ ಅದು ಹೆಚ್ಚಾಗಿ ಅಲ್ನಿಕೋ ಅನ್ನೋ ಮಿಶ್ರಲೋಹದ ಮ್ಯಾಗ್ನೆಟ್, ಜಪಾನಿನ ವಿಜ್ಞಾನಿ ಮಿಶಿಮಾ 1931ರ ಸುಮಾರಿಗೆ ಕಬ್ಬಿಣ, ನಿಕಲ್, ಅಲ್ಯುಮಿನಿಯಂ ಸೇರಿಸಿ ಮಾಡಿದ್ರಲ್ಲ ಅದರಿಂದಾನೇ ಬೆಳೆದು ಬಂದದ್ದು, ಈಗ ಸಿಗೋದು ಅಪರೂಪ, ದಯವಿಟ್ಟು ಎಸೀಬ್ಯಾಡ್ರಿ. ಕರ್ರಗೆ ಬಳೆ ಥರ ಇರೋದು ಫೆರೈಟ್ ಮ್ಯಾಗ್ನೆಟ್, 1950ರ ದಶಕದಲ್ಲಿ ಬಂದದ್ದು, ಐರನ್ ಆಕ್ಸೈಡ್ ಪುಡಿ ಒತ್ತಿ ಮಡಿಕೆ ಸುಟ್ಟಂಗೆ ಸುಡ್ತಾರೆ, ಅದಕ್ಕೇ ಕೈ ಜಾರಿದ್ರೆ ಚೂರಾಗ್ತದೆ. ಹಾರ್ಡ್ ಡಿಸ್ಕಿನ ನಿಯೋಡಿಮಿಯಂ ಮ್ಯಾಗ್ನೆಟ್ 1980ರ ದಶಕದಲ್ಲಿ ಬಂದದ್ದು, ಭಾಳ ಜೋರಾಗಿ ಎಳೀತದೆ, ಮಧ್ಯೆ ಬೆರಳು ಸಿಕ್ರೆ ಚರ್ಮ ಕಿತ್ತು ಬರ್ತದೆ, ಸಣ್ಣ ಮಕ್ಕಳ ಕೈಗೆ ಮಾತ್ರ ಕೊಡಲೇಬ್ಯಾಡ್ರಿ, ಎರಡು ನುಂಗಿದ್ರೆ ಕರುಳು ಮಧ್ಯೆ ಸಿಕ್ಕಿ ಜೀವಕ್ಕೇ ಕುತ್ತು.