ಕೆಳಗೆ ಕಾರು, ಮೇಲೆ ಸಂಸಾರ

ಮಾನ್ಯ ಸಂಪಾದಕರೇ,

ಹೊಳೆ ದಂಡೆಯಲ್ಲಿ ಹೊಸ ಬಡಾವಣೆ ಎಂದೊಡನೆ ಮಾತೆಲ್ಲ ಉದ್ಯಾನ, ಈಜುಕೊಳ, ಬಾಲ್ಕನಿಯಿಂದ ಕಾಣುವ ನೀರಿನ ಸುತ್ತಲೇ ಗಿರಕಿ ಹೊಡೆಯುತ್ತದೆ. ಆ ಜಾಗ ಮೊದಲು ಏನಾಗಿತ್ತು ಎಂದು ಕೇಳುವವರು ಕಡಿಮೆ.

ಲಂಡನ್ನಿನ ಪೂರ್ವದಂಚಿನ ಥೇಮ್ಸ್‌ಮೀಡ್ ನೋಡಿ. ಮೂಲತಃ ಅದು ಥೇಮ್ಸ್ ದಂಡೆಯ ಜೌಗುನೆಲ. ಒಂದಷ್ಟು ಭಾಗ ಹಳೆಯ ಮದ್ದುಗುಂಡು ಕಾರ್ಖಾನೆಗೆ ಸೇರಿದ್ದು. 1953ರಲ್ಲಿ ಸಮುದ್ರ ಉಕ್ಕಿ ನೀರು ನುಗ್ಗಿದ ನೆನಪು ಇನ್ನೂ ಮಾಸಿರಲಿಲ್ಲ. ಹಾಗಾಗಿ 1960ರ ದಶಕದಲ್ಲಿ ಕಟ್ಟಲು ಹೊರಟಾಗ, ಮೊದಲ ಹಂತದ ಮನೆಗಳ ನೆಲಮಟ್ಟದಲ್ಲಿ ವಾಸಕ್ಕೆ ಅವಕಾಶವನ್ನೇ ಕೊಡಲಿಲ್ಲ: ಕೆಳಗೆ ಕಾರು, ಮೇಲೆ ಸಂಸಾರ. ಕಾಲುದಾರಿಗಳೂ ಮೇಲೆಯೇ. ಅಲ್ಲಿನ ಕೆರೆ, ಕಾಲುವೆಗಳು ಬರೀ ಚಂದಕ್ಕಲ್ಲ, ಮಳೆನೀರು ಹಿಡಿದಿಡುವುದೇ ಅವುಗಳ ಕೆಲಸ.

ಎಡವಿದ್ದೂ ಉಂಟು. 1968ರಲ್ಲೇ ಮೊದಲ ಕುಟುಂಬ ಬಂತು. ಅಂಗಡಿ, ಸಾರಿಗೆ ಮಾತ್ರ ಕುಂಟುತ್ತ ಬಂದವು. ಪಕ್ಕದ ಆ್ಯಬಿ ವುಡ್‌ಗೆ ಎಲಿಜಬೆತ್ ಲೈನ್ ರೈಲು ಬಂದದ್ದು 2022ರಲ್ಲಿ. ಅಷ್ಟರಲ್ಲಿ ಅರ್ಧ ಶತಮಾನವೇ ಕಳೆದಿತ್ತು!

ನಕ್ಷೆಗೆ ಒಪ್ಪಿಗೆ ಕೊಡುವವರು ಕ್ಲಬ್‌ಹೌಸ್ ಎಲ್ಲಿ ಎನ್ನುವ ಮುನ್ನ, ಹೊಳೆ ಉಕ್ಕಿದರೆ ನೀರು ಎಲ್ಲಿ ನಿಲ್ಲುತ್ತದೆ, ಬಸ್ಸು ಯಾವಾಗ ಬರುತ್ತದೆ ಎಂದು ಕೇಳಲಿ.

– ಓರ್ವ ಓದುಗ