ಪರಾಗದ ಪುಡಿ ಮಾರಿ, ಆದರೆ ಡಬ್ಬಿಯ ಮೇಲೆ ನಿಜ ಬರೆಯಿರಿ

ಮಾನ್ಯ ಸಂಪಾದಕರೇ,

ಮೈಸೂರಿನ ಸಾವಯವ ಅಂಗಡಿಗಳಲ್ಲಿ, ಜಿಮ್ ಪಕ್ಕದ ಪ್ರೋಟೀನ್ ಮಳಿಗೆಗಳಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ಈಗ ‘ಬೀ ಪೋಲನ್ ಪೌಡರ್’, ಅಂದರೆ ಜೇನ್ನೊಣ ತಂದ ಹೂವಿನ ಪರಾಗದ ಪುಡಿಯದೇ ಮಾತು. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ವಾಕಿಂಗ್ ಬರುವವರೂ ಇದನ್ನೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದಾರೆ. ಸಕ್ಕರೆ ಕಾಯಿಲೆ, ಥೈರಾಯ್ಡ್, ಮಂಡಿನೋವು, ಮಕ್ಕಳ ಜ್ಞಾಪಕಶಕ್ತಿ, ಎಲ್ಲಕ್ಕೂ ಇದೇ ಮದ್ದಂತೆ. ನಾನು ಪಾಂಡವಪುರ ತಾಲ್ಲೂಕಿನಲ್ಲಿ ಜೇನು ಸಾಕುವವನು. ಜೇನುತುಪ್ಪದ ಜೊತೆ ಸ್ವಲ್ಪ ಪರಾಗವನ್ನೂ ಮಾರುತ್ತೇನೆ. ಹಾಗಾಗಿ ಪರಾಗವನ್ನೇ ಮಾರಬೇಡಿ ಅಂತ ಹೇಳಲು ಈ ಪತ್ರ ಬರೆಯುತ್ತಿಲ್ಲ. ಅದನ್ನು ಔಷಧಿ ಅಂತ ನಂಬಿಸಿ, ಎಚ್ಚರಿಕೆಯ ಒಂದು ಸಾಲೂ ಇಲ್ಲದೆ ಮಾರುವುದು ನಿಲ್ಲಬೇಕು ಅಂತ ಬರೆಯುತ್ತಿದ್ದೇನೆ.

ಈ ಪುಡಿ ಎಲ್ಲಿಂದ ಬರುತ್ತದೆ ಅಂತ ಕೊಳ್ಳುವವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಹೂವಿಂದ ಹೂವಿಗೆ ಹೋಗುವ ಜೇನ್ನೊಣದ ಮೈಗೆಲ್ಲ ಪರಾಗ ಮೆತ್ತಿಕೊಳ್ಳುತ್ತದೆ. ನೊಣ ಅದನ್ನು ಕಾಲಿನಿಂದ ಬಾಚಿ, ಸ್ವಲ್ಪ ಮಕರಂದ ಸೇರಿಸಿ, ಹಿಂಗಾಲಿನಲ್ಲಿ ಉಂಡೆ ಕಟ್ಟಿಕೊಂಡು ಬರುತ್ತದೆ. ನಾವು ಪೆಟ್ಟಿಗೆಯ ಬಾಗಿಲಿಗೆ ಸಣ್ಣ ತೂತಿನ ತಟ್ಟೆ ಕಟ್ಟುತ್ತೇವೆ. ನೊಣ ಅದರಲ್ಲಿ ನುಸುಳುವಾಗ ಕಾಲಿನ ಉಂಡೆ ಉದುರಿ ಕೆಳಗಿನ ಟ್ರೇಗೆ ಬೀಳುತ್ತದೆ. ಸಂಜೆ ಟ್ರೇ ಎಳೆದರೆ ಸಾಸಿವೆಗಿಂತ ಕೊಂಚ ದಪ್ಪನೆಯ ಕಾಳುಗಳು ಸಿಗುತ್ತವೆ. ತೆಂಗಿನದು ತಿಳಿ ಹಳದಿ, ಸೂರ್ಯಕಾಂತಿಯದು ಕಿತ್ತಳೆ, ನಡುನಡುವೆ ಕಂದು, ಬೂದು. ಬೆರಳಲ್ಲಿ ಒತ್ತಿದರೆ ಮೆತ್ತಗೆ ಅಂಟುತ್ತದೆ. ಹಸಿ ಪರಾಗದ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ನೀರೇ. ಅವತ್ತೇ 40 ಡಿಗ್ರಿ ಆಸುಪಾಸಿನ ಬಿಸಿಯಲ್ಲಿ ಒಣಗಿಸಲು ಹಾಕದಿದ್ದರೆ ಬೂಸಲು ಹಿಡಿಯುತ್ತದೆ. ನಮ್ಮ ನಾಲೆ ಬಯಲಿನ ಮಳೆಗಾಲದ ತೇವದಲ್ಲಂತೂ ಕೇಳುವುದೇ ಬೇಡ.

ಕಾಳಿನ ರೂಪದಲ್ಲಿ ಕೊಂಡರೆ ಇದೆಲ್ಲ ಕಣ್ಣಿಗೆ ಕಾಣುತ್ತದೆ. ಬಣ್ಣ ನೋಡಬಹುದು, ಬಾಯಿಗೆ ಹಾಕಿ ನೋಡಬಹುದು, ನೊಣದ ರೆಕ್ಕೆಯೋ ಇರುವೆಯೋ ಇದ್ದರೆ ಗೊತ್ತಾಗುತ್ತದೆ. ಪುಡಿ ಮಾಡಿದ ಮೇಲೆ ಎಲ್ಲ ಮುಚ್ಚಿಹೋಗುತ್ತದೆ. ಹಳೆಯದು ಹೊಸದು, ಬೂಸಲು ಬಂದದ್ದು ಬಾರದ್ದು ಒಂದೇ ಥರ ಕಾಣುತ್ತದೆ. ಸಕ್ಕರೆ ಪುಡಿಯನ್ನೋ ಕಡಲೆಹಿಟ್ಟನ್ನೋ ಬೆರೆಸಿದರೂ ಯಾರಿಗೆ ತಿಳಿಯುತ್ತೆ?

ಪುಡಿ ಮಾಡಿದರೆ ಚೆನ್ನಾಗಿ ಜೀರ್ಣವಾಗುತ್ತದೆ ಅಂತಲೂ ಹೇಳಿ ಮಾರುತ್ತಾರೆ. ಪರಾಗದ ಒಂದೊಂದು ಕಣಕ್ಕೂ ಬಹಳ ಗಟ್ಟಿಯಾದ ಸಿಪ್ಪೆ ಇದೆ. ಎಷ್ಟು ಗಟ್ಟಿ ಅಂದರೆ, ಸಾವಿರಾರು ವರ್ಷ ಕೆರೆಯ ಹೂಳಿನಲ್ಲಿ ಬಿದ್ದ ಪರಾಗವನ್ನು ವಿಜ್ಞಾನಿಗಳು ಇವತ್ತಿಗೂ ಗುರುತಿಸುತ್ತಾರೆ. ಕಣಗಳೋ ಕಣ್ಣಿಗೆ ಕಾಣದಷ್ಟು ಸಣ್ಣವು. ಮನೆಯ ಮಿಕ್ಸಿ ಉಂಡೆಯನ್ನು ಬಿಡಿಸುತ್ತದೆ ಅಷ್ಟೇ, ಕಣದ ಸಿಪ್ಪೆ ಬಹುಪಾಲು ಹಾಗೇ ಉಳಿಯುತ್ತದೆ.

ಪೌಷ್ಟಿಕ ಅನ್ನುವುದು ಸುಳ್ಳಲ್ಲ. ಯಾವ ಹೂವು ಅನ್ನುವುದರ ಮೇಲೆ ಹೆಚ್ಚುಕಡಿಮೆ ಆಗುತ್ತದೆ, ಆದರೂ ಪರಾಗದಲ್ಲಿ ಸಾಮಾನ್ಯವಾಗಿ ನೂರಕ್ಕೆ 20ರ ಆಸುಪಾಸು ಪ್ರೋಟೀನ್ ಇರುತ್ತದೆ. ಕೇಳಲು ದೊಡ್ಡ ಲೆಕ್ಕ. ಆದರೆ ದಿನಕ್ಕೆ ತಿನ್ನುವುದು ಒಂದು ಟೀ ಚಮಚ, ಅಂದರೆ 5 ಗ್ರಾಂ. ಅದರಲ್ಲಿ ಸಿಗುವ ಪ್ರೋಟೀನ್ ಸುಮಾರು 1 ಗ್ರಾಂ. ಒಂದು ಕೋಳಿಮೊಟ್ಟೆಯಲ್ಲಿ 6 ಗ್ರಾಂ ಇದೆ. ನಮ್ಮ ಹುರುಳಿಯಲ್ಲೂ ನೂರಕ್ಕೆ 20ಕ್ಕಿಂತ ಜಾಸ್ತಿ ಪ್ರೋಟೀನ್ ಇದೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದಂಶ ಇದೆ. ಮುದ್ದೆ, ಹುರುಳಿಕಟ್ಟಿನ ಸಾರು, ಮೊಸರು ಉಣ್ಣುವ ಮಂಡ್ಯದ ಮನೆಯವರು ಮಕ್ಕಳ ಹಾಲಿನ ದುಡ್ಡು ಉಳಿಸಿ ಈ ಡಬ್ಬಿ ಕೊಳ್ಳುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಇನ್ನು ಅಲರ್ಜಿಯ ವಿಷಯ. ಪತ್ರ ಬರೆಯಲು ಮುಖ್ಯ ಕಾರಣವೇ ಇದು. ನಮ್ಮ ಬೀದಿಯ ಒಬ್ಬ ಹೆಣ್ಣುಮಗಳಿಗೆ ಮೊದಲಿಂದಲೂ ಸೀನು, ಉಬ್ಬಸ. ‘ಇಮ್ಯುನಿಟಿ ಬರುತ್ತೆ ತಗೊಳ್ಳಿ ಅಕ್ಕಾ’ ಅಂತ ಅಂಗಡಿಯವರು ಕೊಟ್ಟ ಪುಡಿಯನ್ನು ಹಾಲಿಗೆ ಹಾಕಿ ಕುಡಿದಿದ್ದಾರೆ. ಸ್ವಲ್ಪ ಹೊತ್ತಿಗೆ ತುಟಿ ಊದಿ, ಗಂಟಲು ಕಟ್ಟಿ, ಮೈಯೆಲ್ಲ ದದ್ದು. ಆಟೋದಲ್ಲಿ ಆಸ್ಪತ್ರೆಗೆ ಓಡಬೇಕಾಯಿತು. ಇಂಜೆಕ್ಷನ್ ಕೊಟ್ಟ ಮೇಲೆ ಉಸಿರು ಸರಿಯಾಯಿತು. ಆಮೇಲೆ ಡಬ್ಬಿ ತರಿಸಿ ನೋಡಿದೆ. ಹೂವಿನ ಚಿತ್ರ ಇತ್ತು, ನೊಣದ ಚಿತ್ರ ಇತ್ತು. ಅಲರ್ಜಿ ಅನ್ನೋ ಮಾತು ಎಲ್ಲೂ ಇರಲಿಲ್ಲ.

ಪರಾಗ ತಿಂದು ಜೀವಕ್ಕೇ ಅಪಾಯವಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ನಮ್ಮ ಕಡೆ ಇನ್ನೊಂದು ತೊಡಕಿದೆ. ರಸ್ತೆ ಬದಿಯಲ್ಲೆಲ್ಲ ಕಾಂಗ್ರೆಸ್ ಗಿಡ. ಅದರಿಂದ ಮೈ ಕೆರೆತ, ಉಬ್ಬಸ ಬರುವವರು ಪ್ರತಿ ಊರಲ್ಲೂ ಇದ್ದಾರೆ. ಸೂರ್ಯಕಾಂತಿಯೂ ಅದೇ ಸಸ್ಯ ಕುಟುಂಬದ ಗಿಡ. ಒಂದರ ಪರಾಗ ಆಗದವರಿಗೆ ಇನ್ನೊಂದರ ಪರಾಗವೂ ಆಗದಿರಬಹುದು. ಜೇನ್ನೊಣ ಕಾಂಗ್ರೆಸ್ ಹೂವಿಗೂ ಹೋಗುತ್ತದೆ, ಅದನ್ನು ತಡೆಯಲು ನಮ್ಮಿಂದ ಆಗುವುದಿಲ್ಲ. ಉಬ್ಬಸ ಇರುವವರು, ಬಸುರಿಯರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಇದನ್ನು ಮುಟ್ಟಬಾರದು. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪವನ್ನೇ ಕೊಡಬಾರದು, ಪರಾಗ ಬೇಡವೇ ಬೇಡ. ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಿ ಪುಡಿ ತಿನ್ನಲು ಶುರು ಮಾಡಿರುವ ಹಿರಿಯರು ದಯವಿಟ್ಟು ಇವತ್ತೇ ನಿಮ್ಮ ಡಾಕ್ಟರ ಹತ್ತಿರ ಹೋಗಿ.

ಕಾನೂನು ಇಲ್ಲ ಅಂತಲ್ಲ. ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದನ್ನು 1954ರ ಔಷಧ ಜಾಹೀರಾತು ಕಾಯ್ದೆಯೇ ನಿಷೇಧಿಸಿದೆ. ಆಹಾರದ ಬಗ್ಗೆ ದಾರಿ ತಪ್ಪಿಸುವ ಜಾಹೀರಾತಿಗೆ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡ ಇದೆ. ಪೂರಕ ಆಹಾರ ಅಂತ ಮಾರುವ ಡಬ್ಬಿಯ ಮೇಲೆ ಅದು ಔಷಧಿಯಲ್ಲ ಅಂತ ಎದ್ದು ಕಾಣುವಂತೆ ಮುದ್ರಿಸಬೇಕು ಅನ್ನುವ ನಿಯಮವೂ ಇದೆ. ಮೈಸೂರು, ಮಂಡ್ಯ ಎರಡೂ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳು ಅಂಗಡಿಗಳಿಗೆ ಹೋಗಿ ಲೇಬಲ್ ನೋಡಲಿ. ಅಲರ್ಜಿ ಎಚ್ಚರಿಕೆ ಕನ್ನಡದಲ್ಲೇ ಇರಲಿ.

ಜೇನು ಸಾಕುವ ಗೆಳೆಯರಲ್ಲೂ ಒಂದು ಮಾತು. ಪರಾಗ ಮರಿಗಳ ಊಟ. ಬೇಡಿಕೆ ಇದೆ ಅಂತ ದಿನವೂ ತಟ್ಟೆ ಕಟ್ಟಿದರೆ ಮರಿ ಕಡಿಮೆಯಾಗುತ್ತದೆ, ಜೇನು ಕುಟುಂಬ ಸೊರಗುತ್ತದೆ. ನಮ್ಮ ನಾಡಿನ ತುಡುವೆ ಜೇನಾದರೆ ಪೆಟ್ಟಿಗೆಯನ್ನೇ ಬಿಟ್ಟು ಹೋಗುತ್ತದೆ. ಹೂವು ಜಾಸ್ತಿ ಇರುವ ದಿನಗಳಲ್ಲಿ ಮಾತ್ರ, ಅದೂ ಬಿಟ್ಟು ಬಿಟ್ಟು ತೆಗೆಯೋಣ. ಪಕ್ಕದ ಹೊಲಕ್ಕೆ ಔಷಧಿ ಹೊಡೆದ ವಾರ ತೆಗೆಯುವುದೇ ಬೇಡ.

ತೋಟಗಾರಿಕೆ ಇಲಾಖೆ ಜೇನು ಕೃಷಿ ತರಬೇತಿ ಕೊಡುತ್ತಿದೆ. ಅದರಲ್ಲಿ ಪರಾಗ ಒಣಗಿಸುವುದನ್ನೂ, ಕಾಪಿಡುವುದನ್ನೂ ಸೇರಿಸಲಿ. ಮೈಸೂರಿನಲ್ಲೇ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಇದೆ. ನಮ್ಮಂಥ ಸಣ್ಣ ಜೇನು ಕೃಷಿಕರು ತಂದ ಮಾದರಿಯಲ್ಲಿ ತೇವಾಂಶ, ಬೂಸಲು, ಕೀಟನಾಶಕ ಎಷ್ಟಿದೆ ಅಂತ ಕಡಿಮೆ ಶುಲ್ಕದಲ್ಲಿ ಪರೀಕ್ಷೆ ಮಾಡಿಸಿಕೊಡಲು ಇಲಾಖೆ ಅವರ ಜೊತೆ ಮಾತಾಡಲಿ. ಆ ವರದಿಯನ್ನು ಡಬ್ಬಿಯ ಜೊತೆಗೇ ಗ್ರಾಹಕರಿಗೆ ಕೊಡಲು ನಾವು ತಯಾರಿದ್ದೇವೆ.

ಇಂತಿ,
ಒಬ್ಬ ಜೇನು ಕೃಷಿಕ,
ಪಾಂಡವಪುರ ತಾಲ್ಲೂಕು, ಮಂಡ್ಯ ಜಿಲ್ಲೆ